ಡಬ್ಬಿಯೊಳಗೇ ಸಿಪ್ಪೆ ಸುಲಿದ ಗೊಂಬೆ

ಒಂದು ಗೊಂಬೆಗೆ 24,000 ರೂಪಾಯಿ ಅಂದರೆ ನಮ್ಮ ಕಡೆ ನಗುತ್ತಾರೆ. ಆದರೆ ಅಂಥ ಗೊಂಬೆಗಳಿವೆ, ಕೊಳ್ಳುವವರು ನಮ್ಮ ಹಾಸನ ಜಿಲ್ಲೆಯಲ್ಲೂ ಇದ್ದಾರೆ. ಅವಕ್ಕೆ ಆ್ಯಕ್ಷನ್ ಫಿಗರ್ ಅನ್ನುತ್ತಾರೆ. ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ ಸ್ಪೈಡರ್‌ಮ್ಯಾನ್ ಅಲ್ಲ ಇವು. ಒಂದಡಿ ಎತ್ತರ, ಮೈತುಂಬ ಮೂವತ್ತಕ್ಕೂ ಹೆಚ್ಚು ಕೀಲು, ಹೊಲಿದು ತೊಡಿಸಿದ ಬಟ್ಟೆ, ಸಿನಿಮಾ ನಟನದೇ ಅನ್ನಿಸುವ ಮುಖ. ಮಕ್ಕಳು ಆಡುವುದಕ್ಕಲ್ಲ, ದೊಡ್ಡವರು ಜೋಪಾನವಾಗಿ ಎತ್ತಿಡುವುದಕ್ಕೆ.

ನನ್ನ ಚಿಕ್ಕಮ್ಮನ ಮಗ ಅಂಥ ಎರಡು ಗೊಂಬೆ ಕೊಂಡಿದ್ದ. ಅವರ ಮನೆ ಅರಕಲಗೂಡು ತಾಲ್ಲೂಕಿನಲ್ಲಿ, ಕೊಡಗಿಗೆ ಹತ್ತಿರದ ಮಳೆ ಸೀಮೆ. ಅವನು ಹಾಸನದ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ. 2021ರಲ್ಲಿ ಓವರ್‌ಟೈಮ್ ದುಡ್ಡು ಕೂಡಿಸಿ 48,000 ರೂಪಾಯಿ ಕೊಟ್ಟು ಎರಡನ್ನೂ ತರಿಸಿದ. ಚಿಕ್ಕಮ್ಮ ಬೈದಾಗ ಅವನು ಹೇಳಿದ್ದು: "ಇದು ಆಟದ ಸಾಮಾನಲ್ಲ ಕಣವ್ವ. ಡಬ್ಬಿ ಬಿಚ್ಚದೆ ಇಟ್ರೆ ರೇಟು ಏರುತ್ತೆ. ಪುಟ್ಟಿ ಪಿಯುಸಿ ಮುಗಿಸೋ ಹೊತ್ಗೆ ಮಾರಿ ಅವಳ ಫೀಸ್ ಕಟ್ತೀನಿ."

ಯೂಟ್ಯೂಬಿನಲ್ಲಿ ಹಾಗೆ ಹೇಳುವವರು ಬಹಳ ಜನ. ಬ್ಯಾಂಕಿಗಿಂತ ಇದೇ ವಾಸಿ ಅನ್ನುತ್ತಾರೆ. ಡಬ್ಬಿಗಳು ನಾಲ್ಕು ವರ್ಷ ಅಟ್ಟದ ಮೇಲೆ ಕೂತವು. ಪುಟ್ಟಿಗೆ ನರ್ಸಿಂಗ್ ಸೀಟು ಸಿಕ್ಕಿತು. ಬೆಂಗಳೂರಿನ ಒಬ್ಬರು ಕೊಳ್ಳಲು ಬಂದರು. "ವಿಡಿಯೋ ಕಾಲಲ್ಲಿ ಡಬ್ಬಿ ತೆಗೆದು ತೋರಿಸಿ" ಅಂದರು. ಫೋನು ಹಿಡಿದುಕೊಂಡು ನಾನೇ ಅಲ್ಲಿದ್ದೆ.

ಮೊದಲ ಗೊಂಬೆಯ ಕರಿ ಜಾಕೆಟ್ಟು ಈರುಳ್ಳಿ ಸಿಪ್ಪೆಯ ಹಾಗೆ ಉದುರಿತು. ಎರಡನೆಯದನ್ನು ನಿಲ್ಲಿಸಿದರೆ ಮುಂದಕ್ಕೆ ವಾಲುತ್ತಿತ್ತು. ನೆಟ್ಟಗೆ ಮಾಡಲು ಹೋದಾಗ ಪಾದದ ಗಿಣ್ಣು ಟಕ್ಕಂತ ಮುರಿಯಿತು. ಆ ಕಡೆಯವರು ಎರಡಕ್ಕೂ ಸೇರಿಸಿ 5,000 ಕೊಡ್ತೀನಿ ಅಂದರು. ಮಾರಿದ ಅಂಗಡಿಗೆ ಬರೆದರೆ, ದೂರು ಇದ್ದರೆ ಕೊಂಡ ಮೂವತ್ತು ದಿನದೊಳಗೆ ಹೇಳಬೇಕಿತ್ತು ಅಂತ ಉತ್ತರ ಬಂತು. ಬಿಚ್ಚಿದರೆ ಬೆಲೆ ಹೋಗುತ್ತೆ, ಬಿಚ್ಚದಿದ್ದರೆ ಒಳಗಿನ ದೋಷ ಗೊತ್ತಾಗಲ್ಲ. ಈ ವ್ಯಾಪಾರದ ಸಿಕ್ಕು ಇರುವುದೇ ಇಲ್ಲಿ.

ಯಾಕೆ ಹೀಗಾಯಿತು ಅಂತ ಆಮೇಲೆ ಹುಡುಕಿ ಓದಿದೆ. ಆ ಜಾಕೆಟ್ಟು ಚರ್ಮದ್ದಲ್ಲ. ಬಟ್ಟೆಯ ಮೇಲೆ ಪಾಲಿಯುರಿಥೇನ್ ಅನ್ನುವ ಪ್ಲಾಸ್ಟಿಕ್ಕಿನ ತೆಳು ಪದರ ಅಂಟಿಸಿರುತ್ತಾರೆ. ಗಾಳಿಯ ತೇವ ಆ ಪದರವನ್ನು ನಿಧಾನವಾಗಿ ಒಡೆಯುತ್ತದೆ. ಮುಟ್ಟಬೇಕಂತಿಲ್ಲ, ಆಡಬೇಕಂತಿಲ್ಲ, ಡಬ್ಬಿಯಲ್ಲಿದ್ದರೂ ಒಡೆಯುತ್ತದೆ. ನಮ್ಮ ಕಡೆ ಅಗ್ಗದ ಸೋಫಾ, ವ್ಯಾನಿಟಿ ಬ್ಯಾಗು ಸಿಪ್ಪೆ ಏಳುವುದೂ ಇದೇ ಕಾರಣಕ್ಕೆ.

ವಾಲುವುದಕ್ಕೆ ಬೇರೆ ಕಾರಣ. ಮೈಯ ಭಾರವೆಲ್ಲ ಎರಡು ಪಾದದ ಗಿಣ್ಣುಗಳ ಮೇಲೆ ಬೀಳುತ್ತದೆ. ನೋಡಲು ಚೆನ್ನಾಗಿರಲಿ ಅಂತ ಆ ಗಿಣ್ಣನ್ನು ಸಣ್ಣದು ಮಾಡುತ್ತಾರೆ. ಒಳಗಿರುವುದು ಬೆಂಕಿಕಡ್ಡಿ ಗಾತ್ರದ ಪ್ಲಾಸ್ಟಿಕ್ ಗೂಟ. ಬಿಸಿಗೆ ಪಿವಿಸಿ ಮೆತ್ತಗಾಗಿ ಬಾಗುತ್ತದೆ. ಕೆಲವು ಪಿವಿಸಿ ಕಾಲಕ್ರಮೇಣ ಎಣ್ಣೆಯಂಥದ್ದನ್ನು ಬಿಟ್ಟು ಅಂಟಂಟಾಗುತ್ತದೆ. ಕೀಲಿಗೆ ಬಣ್ಣ ಅಂಟಿ ಬಿಗಿದಿದ್ದರೆ, ಬಲ ಹಾಕಿದ ಕೂಡಲೇ ಗೂಟ ಹೋಗುತ್ತದೆ.

ಈ ಗೊಂಬೆಗಳ ಚರಿತ್ರೆಯಲ್ಲೇ ಪಾಠವಿದೆ. 1964ರಲ್ಲಿ ಅಮೆರಿಕದ ಹ್ಯಾಸ್‌ಬ್ರೋ ಕಂಪನಿ ಜಿ.ಐ. ಜೋ ಅನ್ನುವ ಸೈನಿಕ ಗೊಂಬೆ ತಂದಿತು. ಗಂಡುಮಕ್ಕಳು ಗೊಂಬೆ ಅಂದರೆ ಮೂಗು ಮುರಿಯುತ್ತಾರೆ ಅಂತ ಆ್ಯಕ್ಷನ್ ಫಿಗರ್ ಎಂದು ಕರೆದರು. 1982ರಲ್ಲಿ ಅದನ್ನೇ ಗೇಣಿಗಿಂತ ಚಿಕ್ಕದು ಮಾಡಿದಾಗ ಸೊಂಟದೊಳಗೆ ಒಂದು ರಬ್ಬರ್ ಉಂಗುರ ಹಾಕಿ ಮೇಲಿನ ಮೈ, ಕಾಲು ಎರಡನ್ನೂ ಹಿಡಿಸಿದ್ದರು. ರಬ್ಬರು ಹಳತಾದರೆ ಗೊಂಬೆ ಎರಡಾಗುತ್ತಿತ್ತು. ಆದರೆ ಬೆನ್ನಲ್ಲಿ ಒಂದು ಸ್ಕ್ರೂ ಇತ್ತು. ಬಿಚ್ಚಿ ಹೊಸ ಉಂಗುರ ಹಾಕಿದರೆ ಮತ್ತೆ ನಿಲ್ಲುತ್ತಿತ್ತು. ಅದೇ ಕಾಲದ ಕೆಲವು ಟ್ರಾನ್ಸ್‌ಫಾರ್ಮರ್ಸ್ ರೋಬೋಗಳಲ್ಲಿ ಚಿನ್ನದ ಬಣ್ಣದ ಪ್ಲಾಸ್ಟಿಕ್ ಬಳಸಿದ್ದರು. ಆ ಪ್ಲಾಸ್ಟಿಕ್ಕೇ ಒಳಗಿನಿಂದ ಸಡಿಲಾಗಿ, ಮುಟ್ಟಿದರೆ ಹಪ್ಪಳದಂತೆ ಒಡೆಯುತ್ತದೆ. ಅದಕ್ಕೆ ರಿಪೇರಿ ಇಲ್ಲ. ಎರಡೂ ದೋಷವೇ. ಒಂದನ್ನು ಸರಿ ಮಾಡಬಹುದು, ಇನ್ನೊಂದನ್ನು ಆಗಲ್ಲ.

ನಮ್ಮ ಗೊಂಬೆಗಳನ್ನೂ ಹೀಗೇ ನೋಡಬಹುದು. ಹೊಳೆನರಸೀಪುರದಲ್ಲಿ ನಮ್ಮಜ್ಜಿ ಮನೆಯಲ್ಲಿ ದಸರಾಕ್ಕೆ ಕೂರಿಸುವ ಪಟ್ಟದ ಗೊಂಬೆ ಜೋಡಿ ಇದೆ. ರಕ್ತಚಂದನದ್ದು, ಅಜ್ಜಿಯ ಮದುವೆಯಲ್ಲಿ ಬಂದದ್ದು. ಇಷ್ಟು ವರ್ಷ ಹೇಗೆ ಬಾಳಿತು ಅಂದರೆ ಅಜ್ಜಿ, "ಅದರ ಕೈಕಾಲು ಅಲ್ಲಾಡಲ್ಲ ಮಗ, ಮುರಿಯೋದೇನು?" ಅನ್ನುತ್ತಾರೆ. ಕೀಲೇ ಇಲ್ಲ, ಒಂದೇ ಮರ. ತೊಗಲುಗೊಂಬೆಗೆ ಕೀಲಿದೆ. ಕೈ ಆಡಿಸುವ ಗೊಂಬೆಗಳಲ್ಲಿ ತೋಳನ್ನು ಬೇರೆ ಕತ್ತರಿಸಿ, ತೂತು ಮಾಡಿ ದಾರದಿಂದ ಕಟ್ಟುತ್ತಾರೆ. ದಾರ ಸವೆದರೆ ಆಟ ಆಡಿಸುವವರೇ ಹೊಸದು ಕಟ್ಟುತ್ತಾರೆ.

ಬೆಂಗಳೂರು–ಮೈಸೂರು ರಸ್ತೆಯ ಚನ್ನಪಟ್ಟಣದ ಗೊಂಬೆ ಇನ್ನೊಂದು ರೀತಿ. (ನಮ್ಮ ಚನ್ನರಾಯಪಟ್ಟಣ ಅಲ್ಲ, ಹೊರಗಿನವರು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.) ಅಲ್ಲಿ ಆಲೆ ಮರವನ್ನು ಒಣಗಿಸಿ ಲೇತ್‌ನಲ್ಲಿ ಕಡೆಯುತ್ತಾರೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಹಸಿ ಮರ ಬಳಸಿದರೆ ಅದೂ ಸೀಳುತ್ತದೆ. ಹಾಗಾಗಿ ನಮ್ಮದೆಲ್ಲ ಶ್ರೇಷ್ಠ, ಹೊರಗಿನದೆಲ್ಲ ಮೋಸ ಅಂತ ನಾನು ಹೇಳುತ್ತಿಲ್ಲ. ಆದರೆ ಚಕ್ರದ ಗೂಟ ಮುರಿದರೆ ಊರಿನ ಆಚಾರ್ರು ಇನ್ನೊಂದು ಗೂಟ ಕೆತ್ತಿ ಕೊಡಬಲ್ಲರು.

ಬೆಲೆ ಹೆಚ್ಚು ಅಂದರೆ ಗುಣ ಹೆಚ್ಚು ಅಂತಲೂ ಅಲ್ಲ. ಹೊರದೇಶದ ಆಟಿಕೆಯ ಮೇಲಿನ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತು. ನಾವು ಕೊಡುವುದರಲ್ಲಿ ದೊಡ್ಡ ಪಾಲು ತೆರಿಗೆ ಮತ್ತು ಸಾಗಣೆಗೆ ಹೋಗುತ್ತದೆ, ಕೀಲಿಗಲ್ಲ. 2021ರ ಜನವರಿಯಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ದೊಡ್ಡವರ ಗೊಂಬೆಗಳ ಡಬ್ಬಿ ಮೇಲೆ ಸಾಮಾನ್ಯವಾಗಿ 14ರ ಮೇಲಿನವರಿಗೆ ಅಥವಾ 15ರ ಮೇಲಿನವರಿಗೆ ಅಂತಲೇ ಬರೆದಿರುತ್ತದೆ. ಐಎಸ್‌ಐ ನೋಡುವುದು ಕೂಡ ಮಗುವಿಗೆ ಅಪಾಯ ಇದೆಯೇ ಅನ್ನುವುದನ್ನು. ಹತ್ತು ವರ್ಷ ಬಾಳುತ್ತದೆಯೇ ಅಂತ ಅದು ಹೇಳುವುದಿಲ್ಲ.

ಮುರಿದ ಗಿಣ್ಣನ್ನು ಚನ್ನರಾಯಪಟ್ಟಣದಲ್ಲಿ ವಾಚು, ಮೊಬೈಲು ರಿಪೇರಿ ಮಾಡುವ ತಮ್ಮನ ಗೆಳೆಯನೊಬ್ಬ ಸರಿ ಮಾಡಿದ. ಎರಡೂ ಕಡೆ ಸಣ್ಣ ತೂತು ಕೊರೆದು, ಉಕ್ಕಿನ ತಂತಿ ತುಂಡು ಕೂರಿಸಿ, ಅಂಟು ಹಾಕಿದ. 150 ರೂಪಾಯಿ ತಗೊಂಡ. ಗೊಂಬೆ ಈಗ ನೆಟ್ಟಗೆ ನಿಂತಿದೆ. "ಕಂಪನಿಯವರು ಮೊದಲೇ ಒಳಗೆ ಒಂದು ತಂತಿ ಇಟ್ಟಿದ್ರೆ ಆಗ್ತಿತ್ತು" ಅಂದ. ಜಾಕೆಟ್ಟಿಗೆ ಮಾತ್ರ ಯಾರ ಹತ್ತಿರವೂ ಮದ್ದಿಲ್ಲ.

ಪುಟ್ಟಿಯ ಫೀಸನ್ನು ಚಿಕ್ಕಮ್ಮ ಸಂಘದ ಸಾಲ ತೆಗೆದು ಕಟ್ಟಿದರು. ಕಂತನ್ನು ತಮ್ಮ ತುಂಬುತ್ತಿದ್ದಾನೆ, ಇನ್ನೂ ತೀರಿಲ್ಲ.

ಇಂಥ ಗೊಂಬೆ ಕೊಳ್ಳುವ ಆಸೆ ಇದ್ದವರಿಗೆ ಹೇಳುವುದಿಷ್ಟು. ಬಂದ ದಿನವೇ ಡಬ್ಬಿ ಬಿಚ್ಚಿ, ವಿಡಿಯೋ ಮಾಡಿಕೊಂಡು, ನಿಲ್ಲಿಸಿ ನೋಡಿ. ಅಂಟಿಸಿದ ಕೃತಕ ಚರ್ಮ ಇದ್ದರೆ ಬೇಡ ಅನ್ನಿ, ಹತ್ತಿ ಬಟ್ಟೆಯದು ವಾಸಿ. ಬಿಗಿದ ಕೀಲನ್ನು ಒತ್ತಬೇಡಿ, ಬಣ್ಣ, ಬಟ್ಟೆಗೆ ನೀರು ತಾಗದಂತೆ ಆ ಕೀಲನ್ನಷ್ಟೇ ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತಿಟ್ಟು ಮೆಲ್ಲಗೆ ತಿರುಗಿಸಿ. ಬಿಸಿಲು ಬೀಳುವ ಕಡೆ, ತೇವದ ಗೋಡೆ ಪಕ್ಕ, ಶೀಟಿನ ಕೆಳಗೆ ಇಡಬೇಡಿ. ದಿನಾ ನೋಡಿ ಖುಷಿ ಪಡುವುದಕ್ಕೆ ಕೊಳ್ಳುವುದಾದರೆ ಕೊಳ್ಳಿ, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಮನೆಯವರ ಫೀಸಿಗೆ, ಆಸ್ಪತ್ರೆಗೆ ಬೇಕಾಗುವ ದುಡ್ಡನ್ನು ಮಾತ್ರ ಪ್ಲಾಸ್ಟಿಕ್ಕಿನಲ್ಲಿ ಇಡಬೇಡಿ.