ಐದನೆಯ ಬೇಡ

ಬೆಳಿಗ್ಗೆ 7.20ಕ್ಕೆ ಸ್ಕೂಲ್ ವ್ಯಾನು ಬರುತ್ತದೆ. ಅಷ್ಟರೊಳಗೆ ನಮ್ಮ ಮನೆಯಲ್ಲಿ ಮೂರು ಡಬ್ಬಿ ಕಟ್ಟಬೇಕು, ಎರಡು ಜಡೆ ಹೆಣೆಯಬೇಕು, ಕಳೆದುಹೋದ ಒಂದು ಸಾಕ್ಸ್ ಹುಡುಕಬೇಕು. ಈ ಗದ್ದಲದಲ್ಲಿ ದೇವರಿಗೆ ಸಿಗುವುದು ಒಂದು ಊದುಬತ್ತಿ. ಅದೂ ನನ್ನ ಗಂಡನಿಗೆ ನೆನಪಾದರೆ.

ನಾನು ಬೆಳೆದ ದಾವಣಗೆರೆಯ ಮನೆ ಹೀಗಿರಲಿಲ್ಲ. ಅಪ್ಪಾಜಿ ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕೂತರೆ ಅರ್ಧ ಗಂಟೆ ಯಾರೂ ಮಾತನಾಡಿಸುವಂತಿರಲಿಲ್ಲ. ಪೂಜೆ ಮುಗಿಯದೆ ಚಹಾ ಮುಟ್ಟುತ್ತಿರಲಿಲ್ಲ. ಹತ್ತಿ ಮಿಲ್ಲಿನಲ್ಲಿ ಪಾಳಿಯ ಕೆಲಸ ಅವರದು. ರಾತ್ರಿ ಪಾಳಿ ಮುಗಿಸಿ ಬಂದ ದಿನವೂ ಇದೇ ಕ್ರಮ. ಹಾಗಾಗಿ ಪುರುಸೊತ್ತಿಲ್ಲ ಎಂಬ ನನ್ನ ನೆಪ ಅವರೆದುರು ನಡೆಯುವುದಿಲ್ಲ. ನನ್ನ ಲಿಂಗ ಬೆಳ್ಳಿಯ ಕರಡಿಗೆಯಲ್ಲಿ, ಬೀರುವಿನ ಒಳಖಾನೆಯಲ್ಲಿ, ಮದುವೆಯ ಒಡವೆಗಳ ಪಕ್ಕದಲ್ಲಿದೆ. ಶಿವದಾರ ಹರಿದು ಎಷ್ಟು ವರ್ಷವಾಯಿತೋ.

ನನ್ನಲ್ಲೇ ಇಲ್ಲದ್ದನ್ನು ಮಗಳಿಗೆ ಹೇಗೆ ಕೊಡುವುದು? ಬೆಂಗಳೂರಿನಲ್ಲಿ ನಮ್ಮಂಥವರು ಏನು ಮಾಡುತ್ತಾರೋ ಅದನ್ನೇ ಮಾಡಿದೆ. ಕ್ಲಾಸಿಗೆ ಸೇರಿಸಿದೆ. ಶನಿವಾರ ನಾಲ್ಕಕ್ಕೆ ಕೀಬೋರ್ಡು, ಐದಕ್ಕೆ ವಚನ. ಬಡಾವಣೆಯ ಬಸವ ಜಯಂತಿಯಲ್ಲಿ ಅವಳು ಬಸವಣ್ಣನವರ ಏಳು 'ಬೇಡ'ಗಳ ವಚನ ಹೇಳಿದಳು. ನಿಮಗೂ ಗೊತ್ತಿರುತ್ತದೆ: ಕದಿಯುವುದು, ಕೊಲ್ಲುವುದು, ಸುಳ್ಳಾಡುವುದು, ಸಿಟ್ಟು, ಬೇರೆಯವರನ್ನು ಕಂಡು ಅಸಹ್ಯಪಡುವುದು, ತನ್ನನ್ನು ತಾನು ಹೊಗಳಿಕೊಳ್ಳುವುದು, ಎದುರಿನವರನ್ನು ತೆಗಳುವುದು. ಎರಡನೇ ಬಹುಮಾನವಾಗಿ ಒಂದು ಸ್ಟೀಲ್ ಡಬ್ಬಿ ಬಂತು. ನಾನು ವಿಡಿಯೋವನ್ನು ನೆಂಟರ ಮೂರು ವಾಟ್ಸಾಪ್ ಗುಂಪುಗಳಿಗೆ ಕಳಿಸಿದೆ. ಆರನೆಯ ಬೇಡ ಅಲ್ಲಿಗೇ ಮುರಿಯಿತು ಅಂತ ಆಮೇಲೆ ಹೊಳೆಯಿತು.

ಮಗಳು ವಚನವನ್ನು ಬಾಯಿಪಾಠ ಮಾಡಿ ಬಿಟ್ಟುಬಿಡಲಿಲ್ಲ, ಲೆಕ್ಕ ಇಡಲು ಶುರುಮಾಡಿದಳು. ನಾನು ಆಫೀಸಿನ ಫೋನಿನಲ್ಲಿ "ಸಾರಿ ಸರ್, ನೆಟ್‌ವರ್ಕ್ ಇರಲಿಲ್ಲ" ಅಂದರೆ ಸೋಫಾದ ಆ ತುದಿಯಿಂದ ಮೂರು ಬೆರಳು ಮೇಲೇಳುತ್ತಿದ್ದವು. ಅವಳಪ್ಪ ಸಿಗ್ನಲ್ಲಿನಲ್ಲಿ ಬೈಕಿನವನನ್ನು ಬೈದರೆ ನಾಲ್ಕು, ಕೆಲವೊಮ್ಮೆ ನಾಲ್ಕೂ ಏಳೂ ಒಟ್ಟಿಗೆ. ನಮಗೆ ನಗು. ಮಕ್ಕಳಿಗೆ ಸಂಸ್ಕಾರ ಕೊಡುವುದು ಇಷ್ಟು ಸುಲಭವೇ ಅಂತ ಬೀಗಿದೆ ಕೂಡ.

ಬೇಸಿಗೆ ರಜೆಗೆ ಅಪ್ಪಾಜಿ ಬಂದರು. ರಾತ್ರಿ ಮಲಗುವಾಗ ಮೊಮ್ಮಗಳಿಗೆ ಹರಳಯ್ಯ, ಮಧುವರಸರ ಕಥೆ ಹೇಳಿದರು. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸ ಮಗಳನ್ನು ಕೊಟ್ಟದ್ದು, ಬಿಜ್ಜಳ ಆ ಬೀಗರಿಬ್ಬರಿಗೂ ಘೋರ ಶಿಕ್ಷೆ ಕೊಟ್ಟದ್ದು, ಕಲ್ಯಾಣ ಹೊತ್ತಿ ಉರಿದದ್ದು. ಒಂಬತ್ತು ವರ್ಷದ ಮಗುವಿಗೆ ಇದು ಬೇಕಿತ್ತಾ ಅಂತ ನನಗೆ ಅನ್ನಿಸಿತ್ತು.

ಮಾರನೆಯ ಬೆಳಿಗ್ಗೆ ಮನೆಗೆಲಸದವರಿಗೆ ನಾನು ಚಹಾ ಬಸಿಯುತ್ತಿದ್ದೆ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಮಗಳು ಐದು ಬೆರಳು ಎತ್ತಿದಳು.

"ಏನೇ?"

"ಅವರ ಲೋಟ ಯಾಕಮ್ಮ ಹೊರಗೆ?"

ಯುಟಿಲಿಟಿಯ ಕಿಟಕಿ ಕಟ್ಟೆಯ ಮೇಲೆ, ಸೋಪಿನ ಡಬ್ಬಿಯ ಪಕ್ಕ, ಅಂಚು ನಗ್ಗಿದ ಒಂದು ಸ್ಟೀಲ್ ಲೋಟ. ಆರು ವರ್ಷದಿಂದ ಅಲ್ಲೇ ಇದೆ. ನಾನು ಸ್ವಚ್ಛತೆ ಅಂದೆ, ಅವರೇ ಹಾಗೆ ಇಟ್ಟುಕೊಂಡಿದ್ದಾರೆ ಅಂದೆ.

"ನಮ್ಮ ಲೋಟ ಎಲ್ಲಾ ತೊಳೆಯೋದು ಅವರೇ ಅಲ್ವಾ?"

ಹಾಲಿನಲ್ಲಿ ಪೇಪರ್ ಓದುತ್ತಿದ್ದ ಅಪ್ಪಾಜಿಯ ಕಡೆ ನೋಡಿದೆ, ಏನಾದರೂ ಹೇಳಲಿ ಅಂತ. ಅವರು ಪೇಪರ್ ಇಳಿಸಲಿಲ್ಲ. ದಾವಣಗೆರೆ ಮನೆಯ ಹಿತ್ತಿಲ ಗೂಡಿನಲ್ಲಿ ಒಂದು ಬೇರೆ ಲೋಟ ಇದ್ದದ್ದು ನಮ್ಮಿಬ್ಬರಿಗೂ ಒಟ್ಟಿಗೇ ನೆನಪಾಯಿತೋ ಏನೋ. ಅರ್ಧ ಗಂಟೆಯ ಪೂಜೆ ನಡೆಯುತ್ತಿದ್ದ ಮನೆಯಲ್ಲೇ ಅದೂ ಇತ್ತು. ಪೂಜೆ ನನಗೆ ಬರಲಿಲ್ಲ. ಲೋಟ ಮಾತ್ರ ಯಾರೂ ಹೇಳಿಕೊಡದೆ ಬಂತು.

ಮರುದಿನ ನಮ್ಮ ಸ್ಟ್ಯಾಂಡಿನ ಲೋಟದಲ್ಲೇ ಚಹಾ ಕೊಟ್ಟೆ. ಅವರು ಕಿಟಕಿ ಕಡೆ ನೋಡಿದರು. "ನಂದೆಲ್ಲಿ ಅಕ್ಕ?" ಒಳಗಿಟ್ಟಿದ್ದೇನೆ, ಇನ್ನು ಬೇರೆ ಲೋಟ ಅಂತ ಬೇಡ ಅಂದೆ. ಅವರ ಮುಖದಲ್ಲಿ ಸಂತೋಷ ಕಾಣಲಿಲ್ಲ, ಇದೇನು ಹೊಸ ತಾಪತ್ರಯ ಅನ್ನುವಂತಿತ್ತು. "ಅಮ್ಮೋರು ಊರಿಂದ ಬಂದ್ರೆ ನಂಗೇ ಬೈತಾರಕ್ಕ" ಅಂದರು. ನಮ್ಮತ್ತೆಯ ಮಾತು ಅದು. ಸುಳ್ಳಲ್ಲ. ಚಹಾ ಕುಡಿದು, ಆ ಲೋಟವನ್ನು ಎರಡು ಸಲ ತೊಳೆದು, ತಂದು ಕಿಟಕಿ ಕಟ್ಟೆಯ ಮೇಲೆ ಬೋರಲು ಹಾಕಿ ಹೋದರು. ಹೀಗೆ ಮೂರು ದಿನ. ಪ್ರತಿ ಸಂಜೆ ನಾನು ಒಳಗೆ ತಂದು ಇಡುವುದು, ಬೆಳಿಗ್ಗೆ ಅದು ಮತ್ತೆ ಹೊರಗೆ. ಅತ್ತೆ ಬಂದಾಗ ಮಾತಾಡುವವಳು ನಾನು ಎಂದು ಹೇಳಿದ ಮೇಲೆ, ನಾಲ್ಕನೆಯ ದಿನ, ಲೋಟ ಸ್ಟ್ಯಾಂಡಿನಲ್ಲೇ ಉಳಿಯಿತು. ಅತ್ತೆ ಇನ್ನೂ ಬಂದಿಲ್ಲ. ಆ ಜಗಳ ಬಾಕಿ ಇದೆ.

ಶಾಲೆ ಮತ್ತೆ ಶುರುವಾದ ವಾರ, ಹಾಲು ಬಸಿಯಲು ಸ್ಟ್ಯಾಂಡಿನಿಂದ ಕೈಗೆ ಸಿಕ್ಕ ಲೋಟ ಎಳೆದುಕೊಂಡೆ. ಅಂಚು ನಗ್ಗಿದ್ದು. ನನ್ನ ಕೈ ತಡೆಯಿತು. ಒಂದು ಕ್ಷಣ ಅಷ್ಟೇ. ಮತ್ತೆ ಅದಕ್ಕೇ ಹಾಲು ಬಸಿದು ಕೊಟ್ಟೆ. ಕೈ ತಡೆದದ್ದನ್ನು ಮಗಳು ನೋಡಿದಳು. ಬೆರಳು ಎತ್ತಲಿಲ್ಲ. ಹಾಲು ಕುಡಿದು, ಮೂತಿ ಒರೆಸಿಕೊಂಡು, ಸಾಕ್ಸ್ ಹುಡುಕಲು ಹೋದಳು.