ಪ್ರಕಟಣೆ ತಿದ್ದುವ ಸುಖ

“ಅನಿವಾರ್ಯ ಕಾರಣಗಳಿಂದ ನೀರು ಸರಬರಾಜಿನಲ್ಲಿ ವ್ಯತ್ಯಯವಾಗಲಿದ್ದು, ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ” ಎಂಬಂತಹ ಕರಡೊಂದು ಮೇಜಿನ ಮೇಲೆ ಬಂದು ಬಿದ್ದಾಗ, ಸೀಸದ ಕಡ್ಡಿಯನ್ನು ಹೆರೆದು ಚೂಪುಮಾಡಿಕೊಂಡು ಅದರ ಮುಂದೆ ನೆಮ್ಮದಿಯಾಗಿ ಕುಳಿತುಕೊಳ್ಳುವ ಸುಖಕ್ಕೆ ಸಮನಾದದ್ದು ನನಗೆ ಬೇರಾವ ಬರವಣಿಗೆಯಲ್ಲಿಯೂ ದೊರೆತಿಲ್ಲ. ಕಾವ್ಯದ ವಾಚಕನು ತಾನಾಗಿ ಒಲಿದು ಬಂದವನು, ಕವಿಯು ತುಸು ಗೂಢವಾದರೂ ಸಹಿಸಿ ಕಾಯಬಲ್ಲವನು. ಪ್ರಕಟಣೆಯ ವಾಚಕನಾದರೋ ಒಲೆಯ ಮೇಲೆ ಹಾಲಿಟ್ಟು ಬಂದವನು, ಬಸ್ಸಿಗೆ ಹೊತ್ತಾದವನು, ಕನ್ನಡಕವನ್ನು ಮನೆಯಲ್ಲಿ ಮರೆತು ಪಕ್ಕದವರಿಂದ ಓದಿಸಿಕೊಳ್ಳುವವನು. ಅಂತಹವನ ಮನಸ್ಸಿಗೆ ಒಂದು ಸಂಗತಿಯನ್ನು ಕೆಡದಂತೆ ಮುಟ್ಟಿಸುವುದು ಸಾಮಾನ್ಯ ಕೌಶಲವಲ್ಲವೆಂದೇ ನನ್ನ ನಂಬಿಕೆ.

ಮೇಲಿನ ಕರಡನ್ನೇ ನೋಡಬಹುದು. ವ್ಯಾಕರಣದೋಷ ಅದರಲ್ಲಿ ಒಂದೂ ಇಲ್ಲ, ವಿನಯಕ್ಕೂ ಕೊರತೆಯಿಲ್ಲ. ಆದರೆ ಯಾವ ಬೀದಿಗೆ, ಎಂದಿನಿಂದ ಎಂದಿನವರೆಗೆ, ಏತಕ್ಕಾಗಿ ಎಂಬುದಿಲ್ಲ. ಕೋರುತ್ತಿರುವವರು ಯಾರೆಂಬುದಂತೂ ಇಲ್ಲವೇ ಇಲ್ಲ. ಇದನ್ನು ತಿದ್ದಹೊರಟವನು ನಿಘಂಟಿಗಿಂತ ಮೊದಲು ದೂರವಾಣಿಗೆ ಕೈಹಾಕಬೇಕಾಗುತ್ತದೆ. ಎಂಜಿನಿಯರರನ್ನು ಕೇಳಿದರೆ ಮೇಲ್ತೊಟ್ಟಿಯ ವಾಲ್ವು ಸವೆದಿರುವುದು ತಿಳಿಯುತ್ತದೆ, ಮತ್ತೆ ಕೇಳಿದರೆ ಬೀದಿಗಳ ಹೆಸರೂ ದಿನವೂ ವೇಳೆಯೂ ಒಂದೊಂದಾಗಿ ಹೊರಬರುತ್ತವೆ, ಕೊನೆಗೆ “ಟ್ಯಾಂಕರು ಬರುತ್ತದೆಯೆ?” ಎಂದಾಗ ಆ ಕಡೆಯವರು ಸುಮ್ಮನಾಗುತ್ತಾರೆ, ಏಕೆಂದರೆ ಆ ವಿಚಾರವನ್ನು ಅದುವರೆಗೆ ಯಾರೂ ಇತ್ಯರ್ಥ ಮಾಡಿರುವುದಿಲ್ಲ. ಅಸ್ಪಷ್ಟವಾದ ವಾಕ್ಯದ ಹಿಂದೆ ಬಹುತೇಕ ಇರುವುದು ಇಂತಹ, ತೀರ್ಮಾನವಾಗದೆ ಉಳಿದ ಕೆಲಸವೇ ಹೊರತು ಭಾಷೆಯ ಬಡತನವಲ್ಲ. ಬರೆಯುವವನು ಪಟ್ಟುಹಿಡಿದು ಕೇಳಿದ್ದರಿಂದಲೇ ಟ್ಯಾಂಕರು ಗೊತ್ತಾಗಿ, ಪ್ರಕಟಣೆಯು ಹೀಗೆ ರೂಪುಗೊಳ್ಳುತ್ತದೆ: “ಗುರುವಾರ ಬೆಳಗ್ಗೆ 6ರಿಂದ ಶುಕ್ರವಾರ ಸಂಜೆ 4ರವರೆಗೆ ದೇವಸ್ಥಾನದ ಬೀದಿ, ಗಾಣಿಗರ ಬೀದಿಗಳ ನಲ್ಲಿಯಲ್ಲಿ ನೀರು ಬರುವುದಿಲ್ಲ. ಮೇಲ್ತೊಟ್ಟಿಯ ಹಳೆಯ ವಾಲ್ವನ್ನು ಬದಲಿಸುತ್ತಿದ್ದೇವೆ. ಬುಧವಾರ ರಾತ್ರಿಯೇ ನೀರು ತುಂಬಿಟ್ಟುಕೊಳ್ಳಿ. ಗುರುವಾರ ಮಧ್ಯಾಹ್ನ ಶಾಲೆಯ ಮುಂದೆ ಟ್ಯಾಂಕರು ನಿಲ್ಲುತ್ತದೆ.” ಇದರಲ್ಲಿ ಅಲಂಕಾರವೇನೂ ಇಲ್ಲ, ಆದರೂ ಇದನ್ನು ಬರೆದು ಮುಗಿಸಿದಾಗ ಆಗುವ ತೃಪ್ತಿ ಪೂರ್ಣವಾದದ್ದು.

ಈ ಕಸಬಿಗೆ ಶಾಸ್ತ್ರವೆಲ್ಲಿಯದೆನ್ನುವವರು, ಮೈಸೂರಿನ ಓರಿಯಂಟಲ್ ಲೈಬ್ರರಿಯ ತಾಳೆಗರಿಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿ ಲೋಕಕ್ಕಿತ್ತ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ರಾಜಶಾಸನಗಳ ರಚನೆಯನ್ನು ಕುರಿತ ಅಧ್ಯಾಯವನ್ನು ಅವಶ್ಯವಾಗಿ ನೋಡತಕ್ಕದ್ದು. ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತ್ವ ಎಂಬ ಆರು ಗುಣಗಳನ್ನು ಅಲ್ಲಿ ಹೇಳಿದೆ; ಮುಖ್ಯವಾದುದನ್ನು ಮೊದಲಿಡುವುದು ಅರ್ಥಕ್ರಮವೆಂದೂ, ಜನಕ್ಕೆ ತಿಳಿದಿರುವ ಶಬ್ದಗಳನ್ನೇ ಬಳಸುವುದು ಸ್ಪಷ್ಟತ್ವವೆಂದೂ ಅದರ ಭಾವ. ದೋಷಗಳ ಸಾಲಿನಲ್ಲಿ ಮಾಸಿದ ಓಲೆ, ಅಂಕುಡೊಂಕಾದ ಮಂಕು ಅಕ್ಷರಗಳಿಗೂ ಸ್ಥಾನವುಂಟು. ಕಳಪೆ ಅಚ್ಚಿನ ಕರಪತ್ರವನ್ನು ಕಂಡಾಗಲೆಲ್ಲ ಆ ಪುರಾತನ ಮಂತ್ರಿಯ ಸೂಕ್ಷ್ಮದೃಷ್ಟಿಗೆ ಮನಸ್ಸಿನಲ್ಲಿಯೇ ಕೈಮುಗಿಯುತ್ತೇನೆ.

ಆದರೆ ಈ ಗುಣಗಳೆಲ್ಲ ಇದ್ದೂ, ಹೇಳಲೇಬೇಕಾದುದನ್ನು ಹೇಳುವ ಧೈರ್ಯವಿಲ್ಲದಿದ್ದರೆ ಫಲವಿಲ್ಲ. 1906ರ ಅಕ್ಟೋಬರಿನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯ ಬಳಿ ರೈಲೊಂದು ಸೇತುವೆಯಿಂದ ನೀರಿಗುರುಳಿ 50ಕ್ಕೂ ಹೆಚ್ಚು ಜನ ಮಡಿದಾಗ, ಅಪಘಾತಗಳನ್ನು ಮುಚ್ಚಿಡುವುದೇ ರೈಲ್ವೆ ಕಂಪನಿಗಳ ವಾಡಿಕೆಯಾಗಿದ್ದರೂ, ಪೆನ್ಸಿಲ್ವೇನಿಯಾ ರೈಲ್‌ರೋಡಿನ ಪರವಾಗಿ ಐವಿ ಲೀ ಎಂಬಾತನು ವರದಿಗಾರರನ್ನು ಸ್ಥಳಕ್ಕೆ ಕರೆಸಿಕೊಂಡು, ನಡೆದುದನ್ನು ಬರೆದು ಅವರ ಕೈಗಿತ್ತನು. ಪತ್ರಿಕಾ ಪ್ರಕಟಣೆಯೆಂಬುದರ ಮೊದಲ ನಿದರ್ಶನವಾಗಿ ಬಹುಮಂದಿ ಎಣಿಸುವುದು ಇದನ್ನೇ.

ಮಾರಾಟದ ಮಾತಿಗೂ ಇದೇ ನ್ಯಾಯ ಸಲ್ಲುತ್ತದೆ. ‘ಅತ್ಯುತ್ತಮ’, ‘ಅದ್ವಿತೀಯ’ ಎಂಬ ವಿಶೇಷಣಗಳು ಯಾವ ಸರಕಿಗೂ ಹೊಂದುವುದರಿಂದಲೇ ಯಾವ ಸರಕನ್ನೂ ನೆನಪಿನಲ್ಲಿ ನಿಲ್ಲಿಸಲಾರವು. ಮೊದಲನೆಯ ಮಹಾಯುದ್ಧದಿಂದ ಗಂಧದ ಮರದ ರಫ್ತು ಕಟ್ಟಿಹೋದಾಗ ತಾನೇ ಎಣ್ಣೆಯಿಳಿಸಲು ತೊಡಗಿದ ಮೈಸೂರು ಸಂಸ್ಥಾನವು, ಅದರಿಂದ ಮಾಡಿದ ಸಾಬೂನಿಗೆ ‘ಮೈಸೂರು ಸ್ಯಾಂಡಲ್ ಸೋಪ್’ ಎಂದಷ್ಟೇ ಹೆಸರಿಟ್ಟಿತು: ಎಲ್ಲಿಯದು, ಏನು ಹಾಕಿದೆ, ಯಾತಕ್ಕೆ ಬರುತ್ತದೆ, ಇಷ್ಟನ್ನೂ ತಿಳಿಸಿದ ಮೇಲೆ ಹೊಗಳಿಕೆಯ ಕೆಲಸವನ್ನು ಪರಿಮಳವೇ ಮಾಡಿಕೊಂಡು ಬಂದಿದೆ.

ಇತ್ತೀಚೆಗೆ ನನಗೆ ವಿಶೇಷವಾಗಿ ಪ್ರಿಯವಾಗಿರುವುದು ಆಟೋರಿಕ್ಷಾಕ್ಕೆ ಧ್ವನಿವರ್ಧಕ ಕಟ್ಟಿಕೊಂಡು ಸಾರುವವರಿಗೆ ಬರೆದುಕೊಡುವ ಕೆಲಸ. ಗಾಡಿಯು ಮನೆಯ ಮುಂದೆ ಹಾದುಹೋಗುವಷ್ಟು ಹೊತ್ತು ಮಾತ್ರ ಮಾತು ಕಿವಿಗೆ ಬೀಳುವುದರಿಂದ, ಹಿಂದಿನ ವಾಕ್ಯವನ್ನು ಕೇಳದವನಿಗೂ ಮುಂದಿನದು ತಿಳಿಯುವಂತಿರಬೇಕು. ‘ಅಲ್ಲಿ’, ‘ಅಂದು’ ಎಂದು ಬರೆದರೆ ಕೆಟ್ಟಿತು, ಪ್ರತಿ ವಾಕ್ಯದಲ್ಲಿಯೂ ಬೀದಿಯ ಹೆಸರೋ ದಿನವೋ ಬರಲೇಬೇಕು. ಕೌಟಿಲ್ಯನು ದೋಷವೆಂದ ಪುನರುಕ್ತಿಯೇ ಇಲ್ಲಿ ಗುಣ. “ಬೀದಿ ಹೆಸರು ಎರಡೆರಡು ಸಲ ಹಾಕಿ ಬರ್ಕೊಡಿ ಸ್ವಾಮಿ, ನಾವು ಹೋಗೋ ಹೊತ್ತಿಗೆ ಎಲ್ಲರ ಮನೇಲೂ ಕುಕ್ಕರ್ ಕೂಗ್ತಿರುತ್ತೆ” ಎಂದು ಹಾಗೆ ಸಾರುವವರೊಬ್ಬರು ಹೇಳಿದರು; ಅಂದಿನಿಂದ ಹಾಗೆಯೇ ಬರೆದುಕೊಡುತ್ತಿದ್ದೇನೆ.