ಬಂಧವೆಂಬ ಅತಿಚಾರ ಮತ್ತು ವೃದ್ಧ ಕೈದಿಗಳು

ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಬಸದಿಯ ಪಾಠಶಾಲೆಯಲ್ಲಿ ಕಲಿತ ಮಕ್ಕಳೂ ಇವನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲರು. ಪ್ರವಚನಗಳಲ್ಲಿ ಇವುಗಳ ವಿವರಣೆ ಬಹುಮಟ್ಟಿಗೆ ದನಕರುಗಳನ್ನು ಕುರಿತದ್ದೇ ಆಗಿರುತ್ತದೆ. ಎತ್ತನ್ನು ಬಿಗಿಯಾಗಿ ಕಟ್ಟಬಾರದು, ಬಾರುಕೋಲಿನಿಂದ ಹೊಡೆಯಬಾರದು, ಕಿವಿ ಮೂಗು ಕೊಯ್ಯಬಾರದು, ಗಾಡಿಗೆ ಶಕ್ತಿಮೀರಿ ಹೇರಬಾರದು, ಹೊತ್ತಿನ ಮೇವು ನೀರು ತಪ್ಪಿಸಬಾರದು. ಎತ್ತಿನ ಗಾಡಿಗಳೇ ಅಪರೂಪವಾಗಿರುವ ಇಂದಿನ ಪೇಟೆಯಲ್ಲಿ ಈ ಐದೂ ಅತಿಚಾರಗಳಿಂದ ತಾವು ದೂರವೆಂದು ಶ್ರಾವಕರು ನೆಮ್ಮದಿಯಿಂದ ಇರುವುದುಂಟು. ಆದರೆ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಬಂಧಕ್ಕೆ ಹೇಳಿದ ಅರ್ಥವು ಎತ್ತಿಗಷ್ಟೇ ಸೀಮಿತವಾದುದಲ್ಲ. ಜೀವಿಯೊಂದು ತಾನು ಬಯಸಿದ ಎಡೆಗೆ ಹೋಗದಂತೆ ತಡೆಯಲು ಕಾರಣವಾದುದು ಬಂಧವೆಂಬುದು ಅವರ ವಿವರಣೆಯ ತಾತ್ಪರ್ಯ. ಈ ಅರ್ಥಕ್ಕೆ ಸೆರೆಮನೆಯಷ್ಟು ಹೊಂದುವ ಉದಾಹರಣೆ ಬೇರೊಂದು ಸಿಗಲಾರದು.

ಹಾಗೆಂದ ಮಾತ್ರಕ್ಕೆ ಜೈನಧರ್ಮವು ಸೆರೆಮನೆಯನ್ನೇ ನಿಷೇಧಿಸಿತೆಂದು ತಿಳಿಯಬಾರದು. ಗೃಹಸ್ಥನು ಸಂಪೂರ್ಣವಾಗಿ ತೊರೆಯಬೇಕಾದುದು ಸಂಕಲ್ಪೀ ಹಿಂಸೆಯನ್ನು; ಪ್ರಜಾರಕ್ಷಣೆಗಾಗಿ ದುಷ್ಟರನ್ನು ತಡೆಯುವುದು ವಿರೋಧೀ ಹಿಂಸೆಯ ಕಕ್ಷೆಗೆ ಸೇರುತ್ತದೆ. ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನು ದಂಡನಾಯಕನೂ ಆಗಿದ್ದನಲ್ಲವೆ? ಆದುದರಿಂದ ಕಟ್ಟುವುದೇ ತಪ್ಪೆಂದು ಶಾಸ್ತ್ರ ಹೇಳುವುದಿಲ್ಲ. ಶ್ರಾವಕಾಚಾರದ ಟೀಕಾಕಾರರು ಇಲ್ಲಿ ಬಹಳ ಸೂಕ್ಷ್ಮವಾದೊಂದು ಭೇದವನ್ನು ಮಾಡಿದ್ದಾರೆ. ಬಂಧದಲ್ಲಿ ನಿರಪೇಕ್ಷ, ಸಾಪೇಕ್ಷ ಎಂದು ಎರಡು ಬಗೆ. ಕಟ್ಟಿ ಮರೆತುಬಿಡುವುದು ನಿರಪೇಕ್ಷ. ಕಳ್ಳನನ್ನೋ ಓದದ ಮಗನನ್ನೋ ಕಟ್ಟಬೇಕಾಗಿ ಬಂದಾಗ ಅವನು ಮಿಸುಕಾಡಲು ಎಡೆಯಿರುವಂತೆ, ಬೆಂಕಿ ಬಿದ್ದರೆ ಗಂಟನ್ನು ಕೂಡಲೆ ಬಿಚ್ಚಲು ಅಥವಾ ಕತ್ತರಿಸಲು ಬರುವಂತೆ, ಸಡಿಲವಾಗಿ ಕಟ್ಟುವುದು ಸಾಪೇಕ್ಷ. ಕಳ್ಳನೆಂಬ ಮಾತು ಟೀಕೆಗಳಲ್ಲಿಯೇ ಬಂದಿದೆಯೆಂಬುದನ್ನು ವಾಚಕರು ಗಮನಿಸಬೇಕು.

ವೃದ್ಧಾಪ್ಯವೂ ಕಟ್ಟಿಹಾಕಿದವನ ದೇಹಕ್ಕೆ ಬಿದ್ದ ಬೆಂಕಿಯೇ. ಎಪ್ಪತ್ತು ಎಂಬತ್ತು ದಾಟಿ, ಕೈಕಾಲು ಬಿದ್ದು, ಕಣ್ಣು ಹೋಗಿ, ಪಕ್ಕದ ಕೈದಿ ಹಿಡಿದುಕೊಂಡರೆ ಮಾತ್ರ ಶೌಚಕ್ಕೆ ಹೋಗಬಲ್ಲವನನ್ನು ಬಂಧದಲ್ಲಿಟ್ಟು ಯಾರನ್ನು ರಕ್ಷಿಸಿದಂತಾಯಿತು? ಅವನ ಗಂಟು ಬಿಚ್ಚಲು ಬರುವಂಥದೋ, ಬಾರದಂಥದೋ? ಈ ದೇಶದ ವ್ಯವಸ್ಥೆಯನ್ನು ಈ ದೃಷ್ಟಿಯಿಂದ ನೋಡುವುದು ಉಚಿತ.

ಗಂಟು ಬಿಚ್ಚುವ ಅಧಿಕಾರಕ್ಕೇನೂ ಕೊರತೆಯಿಲ್ಲ. ಸಂವಿಧಾನದ 72ನೆಯ ವಿಧಿ ರಾಷ್ಟ್ರಪತಿಗಳಿಗೂ 161ನೆಯ ವಿಧಿ ರಾಜ್ಯಪಾಲರಿಗೂ ಶಿಕ್ಷೆಯನ್ನು ಮನ್ನಿಸುವ, ಇಳಿಸುವ ಅಧಿಕಾರ ನೀಡಿವೆ. ದಂಡಪ್ರಕ್ರಿಯಾ ಸಂಹಿತೆಗೆ 1978ರಲ್ಲಿ ಸೇರಿಸಿದ 433ಎ ಕಲಮು, ಮರಣದಂಡನೆಗೂ ಅವಕಾಶವಿರುವ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾದವನು ಕನಿಷ್ಠ 14 ವರ್ಷ ಒಳಗಿರಲೇಬೇಕೆಂದು ವಿಧಿಸಿತು. 1980ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾರುರಾಮ್ ಪ್ರಕರಣದಲ್ಲಿ ಇದನ್ನು ಎತ್ತಿಹಿಡಿದರೂ ರಾಷ್ಟ್ರಪತಿ, ರಾಜ್ಯಪಾಲರ ಅಧಿಕಾರವು ಇದರಿಂದ ಕುಗ್ಗದೆಂದು ಸ್ಪಷ್ಟಪಡಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಆ ಹದಿನಾಲ್ಕು ವರ್ಷಗಳ ನಿಯಮ ಉಳಿದುಕೊಂಡಿದೆ.

ಹಬ್ಬದ ದಿನ ಸೆರೆಯಾಳುಗಳನ್ನು ಬಿಡುವುದು ಈ ನಾಡಿನ ಹಳೆಯ ಪದ್ಧತಿ. ಭಗವಾನ್ ಮಹಾವೀರರು ಜನಿಸಿದಾಗ ಸಿದ್ಧಾರ್ಥರಾಜನು ಕುಂಡಗ್ರಾಮದ ಸೆರೆಯಾಳುಗಳನ್ನೆಲ್ಲ ಬಿಡಿಸಿದನೆಂದು ಶ್ವೇತಾಂಬರ ಪರಂಪರೆಯ ಕಲ್ಪಸೂತ್ರ ಹೇಳುತ್ತದೆ. ಅದೇ ಆಜ್ಞೆಯಲ್ಲಿ ಅಳತೆ ತೂಕಗಳನ್ನು ಹೆಚ್ಚಿಸಬೇಕೆಂದೂ ಇದೆ. ಸೆರೆಯ ಮಾತನ್ನು ಹೇಳುವವರು ತಕ್ಕಡಿಯ ಮಾತನ್ನು ಬಿಟ್ಟುಬಿಡುವುದೇಕೋ ವ್ಯಾಪಾರಿಗಳೇ ಹೇಳಬೇಕು. 1583ರಲ್ಲಿ ಫತೇಪುರ ಸಿಕ್ರಿಗೆ ಹೋದ ಹೀರವಿಜಯಸೂರಿಗಳ ಮಾತಿನಿಂದ ಅಕ್ಬರನು ಪಂಜರದ ಹಕ್ಕಿಗಳನ್ನೂ ಸೆರೆಯಾಳುಗಳನ್ನೂ ಬಿಡಿಸಿದನೆಂಬುದು ಇತಿಹಾಸದಲ್ಲಿ ದಾಖಲಾಗಿದೆ. ಇಂದಿನ ಸರಕಾರಗಳೂ ಇದೇ ಜಾಡಿನಲ್ಲಿ ನಡೆದಿವೆ. 2018ರಲ್ಲಿ ಮಹಾತ್ಮ ಗಾಂಧಿಯವರ 150ನೆಯ ಜಯಂತಿಗೆ, 2022ರಲ್ಲಿ ಸ್ವಾತಂತ್ರ್ಯದ 75ನೆಯ ವರ್ಷಕ್ಕೆ ಕೇಂದ್ರ ಸರಕಾರವು ವಿಶೇಷ ಬಿಡುಗಡೆಯ ಯೋಜನೆಗಳನ್ನು ಪ್ರಕಟಿಸಿತು. ಅರ್ಧ ಶಿಕ್ಷೆ ಮುಗಿಸಿದ 60 ದಾಟಿದ ಪುರುಷರು, ಶೇಕಡಾ 70ಕ್ಕೆ ಮೇಲ್ಪಟ್ಟು ಅಂಗವಿಕಲರಾಗಿ ಅರ್ಧ ಶಿಕ್ಷೆ ಮುಗಿಸಿದವರು, ಮರಣಾಂತಿಕ ರೋಗಿಗಳು ಮುಂತಾದವರು ಇವುಗಳ ಪ್ರಯೋಜನಕ್ಕೆ ಅರ್ಹರಾಗಿದ್ದರು. ಆದರೆ 2022ರ ಯೋಜನೆಯು ಜೀವಾವಧಿ ಶಿಕ್ಷೆಯವರನ್ನು ಪೂರ್ತಿಯಾಗಿ ಹೊರಗಿಟ್ಟಿತು. ಸೆರೆಮನೆಯಲ್ಲಿಯೇ ಮುದುಕರಾಗುವವರು ಬಹುತೇಕ ಅವರೇ ಅಲ್ಲವೆ? ಅಲ್ಲದೆ, ಮುಪ್ಪು ಆಗಸ್ಟ್ 15ಕ್ಕಾಗಿ ಕಾಯುವುದಿಲ್ಲ.

ಸೆರೆಮನೆಗಳಲ್ಲಿರುವ ವೃದ್ಧರು ಎಷ್ಟು ಜನ? ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ವರದಿಯಂತೆ 2022ರ ಕೊನೆಗೆ ದೇಶದ ಸೆರೆಮನೆಗಳಲ್ಲಿ 5,73,220 ಜನರಿದ್ದರು. ಇದ್ದ ಸ್ಥಳ 4,36,266 ಜನರಿಗೆ ಮಾತ್ರ. ಒಳಗಿದ್ದವರಲ್ಲಿ 4,34,302 ಜನ ವಿಚಾರಣಾಧೀನರು, ಅಂದರೆ ಅಪರಾಧ ಇನ್ನೂ ಸಿದ್ಧವಾಗದವರು. ವಯಸ್ಸಿನ ಪಟ್ಟಿಯಲ್ಲಿ ಮಾತ್ರ ‘50 ಮತ್ತು ಮೇಲ್ಪಟ್ಟು’ ಎಂಬ ಒಂದೇ ಕಾಲಂ. ಐವತ್ತೊಂದರ ಗಟ್ಟಿಮುಟ್ಟಾದವನೂ ಎಂಬತ್ತೈದರ ಹಾಸಿಗೆ ಹಿಡಿದವನೂ ಅದರಲ್ಲಿ ಒಂದೇ. ಹೊಸ ಜೋಳವನ್ನೂ ಹುಳು ಹಿಡಿದ ಜೋಳವನ್ನೂ ಒಂದೇ ಬಾಬಿನಲ್ಲಿ ಬರೆದ ದಾಸ್ತಾನು ಪುಸ್ತಕವನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ. 2024ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರವು ವೃದ್ಧ ಹಾಗೂ ಮರಣಾಂತಿಕ ರೋಗಪೀಡಿತ ಕೈದಿಗಳಿಗಾಗಿಯೇ ಅಭಿಯಾನ ಆರಂಭಿಸಿದುದು ಆದುದರಿಂದ ಸ್ವಾಗತಾರ್ಹ.

ಅನ್ನಪಾನನಿರೋಧವೆಂಬ ಐದನೆಯ ಅತಿಚಾರಕ್ಕೂ ಇಲ್ಲಿ ಒಂದು ನಿದರ್ಶನವಿದೆ. ಪಾದ್ರಿ ಸ್ಟ್ಯಾನ್ ಸ್ವಾಮಿಯವರು 2020ರ ಅಕ್ಟೋಬರಿನಲ್ಲಿ ಬಂಧಿತರಾದಾಗ ಅವರಿಗೆ 83 ವರ್ಷ. ಪಾರ್ಕಿನ್ಸನ್ ರೋಗದಿಂದ ಕೈ ನಡುಗುತ್ತಿದ್ದುದರಿಂದ ಲೋಟ ಹಿಡಿಯಲಾಗದೆ, ಹೀರಿ ಕುಡಿಯುವ ಸ್ಟ್ರಾ ಮತ್ತು ಸಿಪ್ಪರ್‌ಗಾಗಿ ಅವರು ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬೇಕಾಯಿತು. ಅವರ ಮೇಲಿನ ಆರೋಪಗಳ ಸತ್ಯಾಸತ್ಯತೆ ಇಲ್ಲಿ ಪ್ರಸ್ತುತವಲ್ಲ. ವಿಚಾರಣೆ ಆರಂಭವಾಗುವ ಮೊದಲೇ, 2021ರ ಜುಲೈ 5ರಂದು, ಜಾಮೀನಿನ ಅರ್ಜಿ ಇತ್ಯರ್ಥವಾಗದಿರುವಾಗಲೇ ಅವರು ಮುಂಬಯಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರಿಗೆ ನೀರನ್ನು ಯಾರೂ ನಿರಾಕರಿಸಿರಲಿಲ್ಲ. ನಡುಗುವ ಕೈಗೆ ನೀರು ಎಟುಕುವುದೇ ಎಂದು ನೋಡುವವರಿರಲಿಲ್ಲ. ನಿರಪೇಕ್ಷವೆಂಬ ಶಬ್ದದ ಅರ್ಥವೂ ಇದೇ.

ಇನ್ನು ಎದುರುವಾದವನ್ನು ಕೇಳಬೇಕು, ಅದು ಹಗುರವಾದುದಲ್ಲ. ಕೊಲೆಯಾದವನಿಗೆ ಮುಪ್ಪು ಬರುವ ಭಾಗ್ಯವೇ ಇರಲಿಲ್ಲ. ಅವನ ಮನೆಯವರ ಮುಂದೆ ಹೋಗಿ ಕೊಂದವನಿಗೆ ಈಗ ಮಂಡಿನೋವು ಎನ್ನುವುದು ಯಾವ ನ್ಯಾಯ? ಮರಣ ಸಮೀಪಿಸಿತೆಂದು ಬಿಟ್ಟವನು ಬದುಕಿಯೇ ಉಳಿದರೆ? ಹೊರದೇಶದಲ್ಲಿ ಹೀಗಾದುದುಂಟು. 1988ರಲ್ಲಿ ಸ್ಕಾಟ್ಲೆಂಡಿನ ಲಾಕರ್‌ಬಿಯ ಮೇಲೆ ವಿಮಾನ ಸ್ಫೋಟಿಸಿ 270 ಜನ ಸತ್ತ ಪ್ರಕರಣದಲ್ಲಿ ಶಿಕ್ಷಿತನಾದ ಲಿಬಿಯಾದ ಮೆಗ್ರಾಹಿಗೆ ಕ್ಯಾನ್ಸರ್ ಬಲಿತು, ಮೂರು ತಿಂಗಳ ಆಯುಷ್ಯವೆಂಬ ಅಂದಾಜಿನ ಮೇಲೆ 2009ರ ಆಗಸ್ಟಿನಲ್ಲಿ ಅಲ್ಲಿಯ ಸರಕಾರವು ಕರುಣೆಯಿಂದ ಬಿಡುಗಡೆ ಮಾಡಿತು. ಅವನು ಸತ್ತುದು 2012ರ ಮೇ ತಿಂಗಳಲ್ಲಿ. ಆ ಎರಡೂ ಮುಕ್ಕಾಲು ವರ್ಷ ಎದ್ದ ಕೂಗನ್ನು ಕೇಳಿದರೆ, ಹೇಳಿದ ದಿನಕ್ಕೆ ಸಾಯದಿದ್ದುದೇ ಅವನ ಎರಡನೆಯ ಅಪರಾಧವೇನೋ ಎನಿಸುತ್ತಿತ್ತು. ಸತ್ತವರ ಬಂಧುಗಳ ಸಂಕಟ ನಿಜವಾದುದು. ಆದರೆ ಸಾವಿನ ತಾರೀಖನ್ನು ಖಾತರಿ ಮಾಡಿಕೊಂಡು ತೋರಿಸುವ ಅನುಕಂಪೆಯು ಗಿರವಿ ವ್ಯಾಪಾರಕ್ಕಿಂತ ಹೆಚ್ಚೇನೂ ಅಲ್ಲ.

ಈ ಎದುರುವಾದದ ಮೂಲದಲ್ಲಿ ಒಂದು ಗೊಂದಲವಿದೆ. ಬಿಡುಗಡೆಯೆಂದರೆ ಕ್ಷಮೆಯೆಂದು ತಿಳಿಯಲಾಗುತ್ತಿದೆ. ಕ್ಷಮೆ ನೊಂದವರ ಸೊತ್ತು. ಅವರ ಪರವಾಗಿ ಸರಕಾರವಾಗಲಿ ಪಂಡಿತರಾಗಲಿ ಅದನ್ನು ಕೊಡಲಾಗದು. ಮಾಡಿದ ಕರ್ಮವೂ ಸೆರೆಯ ಬಾಗಿಲು ತೆರೆದೊಡನೆ ನಿರ್ಜರೆಯಾಗುವುದಿಲ್ಲ. ವೃದ್ಧನನ್ನು ಹೊರಗೆ ಬಿಡುವುದು ಕ್ಷಮೆಯಲ್ಲ, ಬಂಧವನ್ನು ಅತಿಚಾರವಾಗದಂತೆ ನೋಡಿಕೊಳ್ಳುವುದು.

ಉತ್ತರ ಕರ್ನಾಟಕದ ಒಂದು ಪೇಟೆಯೂರಿನಲ್ಲಿ ನಡೆದ ಸಂಗತಿ ಈ ಭೇದವನ್ನು ಚೆನ್ನಾಗಿ ತೋರಿಸುತ್ತದೆ. ಕಾಳಿನ ದಲಾಲಿ ಅಂಗಡಿಯ ಜೈನ ವ್ಯಾಪಾರಿಯೊಬ್ಬರ ತಂದೆಯವರನ್ನು ವಸೂಲಿ ಮುಗಿಸಿ ರಾತ್ರಿ ಮರಳುವಾಗ ಪರಿಚಯದ ಹಮಾಲನೇ ಹಣಕ್ಕಾಗಿ ಕೊಂದಿದ್ದನು. ಜೀವಾವಧಿ ಶಿಕ್ಷೆಯಾಯಿತು. ಹದಿನೆಂಟು ವರ್ಷಗಳ ನಂತರ ಠಾಣೆಯ ಪೇದೆ ಅಂಗಡಿಗೆ ಕಾಗದ ತಂದನು. ಆ ಹಮಾಲನಿಗೆ ಎಪ್ಪತ್ತು ದಾಟಿ ಪಾರ್ಶ್ವವಾಯು ಬಡಿದಿತ್ತು. ಅವಧಿಪೂರ್ವ ಬಿಡುಗಡೆಗೆ ಮೃತನ ಮನೆಯವರ ಅಭಿಪ್ರಾಯ ಬೇಕಾಗಿತ್ತು. ವ್ಯಾಪಾರಿಗಳು ಮೊದಲು ಆಕ್ಷೇಪವಿದೆಯೆಂದೇ ಬರೆಯಲು ಹೊರಟಿದ್ದರು. ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಏಕಾಶನ ಮಾಡಿ, ಕ್ಷಮಾವಾಣಿಯ ದಿನ ಊರವರೆಲ್ಲರಲ್ಲಿ ಕ್ಷಮೆ ಬೇಡುವವರು ಅವರು. ಆದರೂ ಲೇಖನಿ ಆ ಕಡೆಗೇ ಎಳೆಯಿತು. ಸಂಜೆ ಮನೆಯಲ್ಲಿ ಎಂಬತ್ತು ದಾಟಿದ ತಾಯಿಯನ್ನು ಕೇಳಿದರು. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಬಿಡ್ಲಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಈ ಓಣ್ಯಾಗ ಅವನ ಮಾರಿ ನನಗ ಕಾಣಬಾರದು” ಎಂದರು. ಅದನ್ನೇ ಕಚೇರಿಯ ಭಾಷೆಯಲ್ಲಿ ಬರೆದು ಕೊಟ್ಟರು: ಬಿಡುಗಡೆಗೆ ಆಕ್ಷೇಪವಿಲ್ಲ, ಈ ಊರಿನಲ್ಲಿ ವಾಸಿಸಬಾರದು.

ಬಿಡುಗಡೆಯ ಆದೇಶವೇನೋ ಬಂದಿತು. ಕರೆದೊಯ್ಯುವವರು ಬರಲಿಲ್ಲ. ಮಗನು ಊರು ಬಿಟ್ಟು ಹೋಗಿದ್ದನು. ಮಗಳ ಗಂಡನು ಒಲ್ಲೆನೆಂದನು. ಆದೇಶ ಬಂದ ಮೇಲೂ ಆ ಮುದುಕನು ಆಸ್ಪತ್ರೆಯ ವಾರ್ಡಿನಲ್ಲಿಯೇ ಉಳಿದನು. ಕಾಯಿದೆಯ ಗಂಟು ಬಿಚ್ಚಿದ ಮೇಲೆ ಇನ್ನೊಂದು ಗಂಟು ಉಳಿಯುವುದು ಇಲ್ಲಿಯೇ, ಮತ್ತು ಇದನ್ನು ಬಿಚ್ಚುವುದು ಸರಕಾರದಿಂದ ಆಗತಕ್ಕದ್ದಲ್ಲ. ಮುದಿ ಎತ್ತು, ಕುಂಟು ಹಸು, ರೆಕ್ಕೆ ಮುರಿದ ಪಾರಿವಾಳಗಳಿಗೆ ಪಾಂಜರಪೋಳಗಳನ್ನು ಕಟ್ಟಿ ತಲೆಮಾರುಗಳಿಂದ ನಡೆಸಿಕೊಂಡು ಬಂದ ಸಮಾಜವಿದು. ಆ ಎತ್ತು ಬದುಕಿದ್ದಾಗ ಯಾರನ್ನು ಹಾಯ್ದಿತ್ತೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳಲ್ಲಿ ಮೊದಲ ಮೂರಕ್ಕೆ ಬಸದಿಯ ಟ್ರಸ್ಟುಗಳು ಪ್ರತಿವರ್ಷ ಠೇವಣಿ ಇಡುತ್ತವೆ. ನಾಲ್ಕನೆಯದಕ್ಕೆ ಪ್ರಾಣಿಗಳನ್ನು ಬಿಟ್ಟರೆ ಬೇರೆ ಬಾಬು ಯಾವ ಆಯವ್ಯಯ ಪತ್ರಿಕೆಯಲ್ಲಿಯೂ ಕಾಣಸಿಗುವುದು ಅಪರೂಪ.

ಆ ವ್ಯಾಪಾರಿಗಳು ಟ್ರಸ್ಟಿನ ಸಭೆಯಲ್ಲಿ ವಿಷಯವನ್ನು ಎತ್ತಿದರು. ಧರ್ಮಶಾಲೆಗೆ ಹೆಂಗಸರು ಮಕ್ಕಳು ಇಳಿಯುತ್ತಾರೆ, ಕೊಲೆಗಾರನನ್ನು ಇಡುವುದು ಹೇಗೆ ಎಂದು ಸದಸ್ಯರು ಕೇಳಿದರು. ಅದು ತಳ್ಳಿಹಾಕುವ ಮಾತಾಗಿರಲಿಲ್ಲ. ವಿಷಯವನ್ನು ಮುಂದಿನ ಸಭೆಗೆ ಹಾಕಲಾಯಿತು. ಮುಂದಿನ ಸಭೆಯವರೆಗೆ ಕಾಯದೆ ಅವರು ಇನ್ನಿಬ್ಬರೊಂದಿಗೆ ಸೇರಿ ಜಿಲ್ಲಾಸ್ಥಳದಲ್ಲಿ, ಸರಕಾರಿ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದರು. ಎರಡು ಹೊತ್ತು ಊಟ ಕಳಿಸಲು ಹತ್ತಿರದ ಖಾನಾವಳಿಯವಳನ್ನು ಒಪ್ಪಿಸಿದರು. ಮುದುಕನು ಅಲ್ಲಿ ಹದಿನಾಲ್ಕು ತಿಂಗಳು ಇದ್ದು ತೀರಿಕೊಂಡನು. ಅಷ್ಟು ದಿನಗಳಲ್ಲಿ ವ್ಯಾಪಾರಿಗಳು ಒಮ್ಮೆಯೂ ಅಲ್ಲಿಗೆ ಹೋಗಲಿಲ್ಲ. ಹೋಗಲು ಮನಸ್ಸಾಗಲಿಲ್ಲವೆಂದು ಅವರೇ ಹೇಳುತ್ತಿದ್ದರು. ಕೋಣೆಯ ಬಾಡಿಗೆಯನ್ನು ಯಾವ ಖಾತೆಗೆ ಬರೆಯಲಿ, ಧರ್ಮಾದಾಯಕ್ಕೆ ಹಾಕಲೇ ಎಂದು ಗುಮಾಸ್ತನು ಕೇಳಿದಾಗ ಅವರು ಬೇಡವೆಂದು ಮನೆಖರ್ಚಿಗೆ ಬರೆಸಿದರು.